ಮೊದಲು ಕಾರಣ ಕೇಳೋಣ
(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಜಯನಗರ ನಾಲ್ಕನೇ ಬ್ಲಾಕಿನ ಮಾರುಕಟ್ಟೆಯಲ್ಲಿ ಹೀಗೊಂದು ಪ್ರಸಂಗವನ್ನು ಊಹಿಸಿಕೊಳ್ಳಿ. ಇಪ್ಪತ್ತು ವರ್ಷದ ಯುವಕ ಗಾಡಿಯಿಂದ ಹಣ್ಣು ತೆಗೆದು ಕಚ್ಚುತ್ತಾನೆ. ವ್ಯಾಪಾರಿ ಕೈ ಹಿಡಿದಾಗ ಕಿರುಚಿ ದೂಡುತ್ತಾನೆ. ಒಬ್ಬರು ಕಳ್ಳ ಎನ್ನುತ್ತಾರೆ, ಇನ್ನೊಬ್ಬರು ಹುಚ್ಚ ಎನ್ನುತ್ತಾರೆ. ಎರಡೂ ಅಲ್ಲದಿರಬಹುದು. ಅದು ನಾವು ಬುದ್ಧಿಮಾಂದ್ಯತೆ ಎನ್ನುತ್ತಿದ್ದ ಬೌದ್ಧಿಕ ಅಂಗವೈಕಲ್ಯವಿರಬಹುದು. ಇದು ಹುಚ್ಚಲ್ಲ, ಕಲಿಕೆ, ತಿಳುವಳಿಕೆ ಮತ್ತು ದಿನನಿತ್ಯದ ಕೆಲಸಗಳಲ್ಲಿ ಬಾಲ್ಯದಿಂದಲೇ ಕಾಣುವ ಹಿಂದುಳಿಯುವಿಕೆ.

ಇಂಥವರಲ್ಲಿ ಕೆಲವರು ಹೊಡೆಯುತ್ತಾರೆ, ಕಚ್ಚುತ್ತಾರೆ. ಹಲ್ಲುನೋವು, ಮಲಬದ್ಧತೆ, ಗದ್ದಲ, ದಿನಚರಿಯ ಬದಲಾವಣೆ ಇದಕ್ಕೆ ಕಾರಣವಾಗಬಹುದು. ಬಾಯಿಂದ ಹೇಳಲಾಗದ್ದನ್ನು ವರ್ತನೆ ಹೇಳುತ್ತದೆ. ಆದ್ದರಿಂದ ತಂದೆತಾಯಿ ಏಟು ಕೊಡುವ ಮುನ್ನ ಬರೆದಿಡಲಿ: ಮೊದಲು ಏನಾಯಿತು, ಅವನೇನು ಮಾಡಿದ, ಆಮೇಲೆ ಅವನಿಗೇನು ಸಿಕ್ಕಿತು? ಆ ಪುಸ್ತಕದೊಂದಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋದರೆ ವೈದ್ಯರಿಗೂ ದಾರಿ ಕಾಣುತ್ತದೆ.

ಕೆಲವು ವರ್ತನೆಗಳು ಕಾನೂನನ್ನೂ ಮೀರುತ್ತವೆ. ಪರರನ್ನು ಮುಟ್ಟುವುದು, ಬೀದಿಯಲ್ಲಿ ಬಟ್ಟೆ ಬಿಚ್ಚುವುದು. ಎಷ್ಟೋ ಬಾರಿ ಹರೆಯದ ಹೊಸ್ತಿಲಲ್ಲಿ ಯಾರೂ ಅವನಿಗೆ ಮರ್ಯಾದೆಯ ಗಡಿಯನ್ನು ಕಲಿಸಿರುವುದಿಲ್ಲ. ನಾಚಿಕೆಯಿಂದ ನಾವು ಸುಮ್ಮನಿದ್ದೆವು. ನೆನಪಿಡಿ, ಇಂಥ ಮಕ್ಕಳು ಸ್ವತಃ ದೌರ್ಜನ್ಯಕ್ಕೆ ಸುಲಭವಾಗಿ ಬಲಿಯಾಗುತ್ತಾರೆ. ಆ ಪಾಠ ಅವರ ರಕ್ಷಣೆಗೂ ಬೇಕು.

ಶರೀಅತ್‌ನಲ್ಲಿ ಹೊಣೆಗಾರಿಕೆಗೆ ವಿವೇಕವೇ ಷರತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮೂ, ಬುದ್ಧಿಸ್ವಾಸ್ಥ್ಯವಿಲ್ಲದ ಕಾರಣ ತನ್ನ ಕೃತ್ಯವೇನೆಂದು ಅಥವಾ ಅದು ತಪ್ಪೆಂದು ಅರಿಯಲಾಗದವನನ್ನು ಅಪರಾಧಿ ಎನ್ನುವುದಿಲ್ಲ. ಆದರೆ ಈ ವಿನಾಯಿತಿ ತಾನಾಗಿ ಸಿಗದು. ಅದನ್ನು ನ್ಯಾಯಾಲಯದಲ್ಲಿ ತೋರಿಸಿಕೊಡಬೇಕು.

ಠಾಣೆಯಲ್ಲಿ ಅಪಾಯ ಹೆಚ್ಚು. ಎದುರಿನವರನ್ನು ಮೆಚ್ಚಿಸಲೋ ಹೆದರಿಯೋ ಇವರಲ್ಲಿ ಹಲವರು ಕೇಳಿದ್ದಕ್ಕೆಲ್ಲ ಹೌದು ಎನ್ನುತ್ತಾರೆ. ಹಾಗಾಗಿ ಅಂಗವೈಕಲ್ಯ ಗುರುತಿನ ಚೀಟಿ ಸದಾ ಜೊತೆಗಿರಲಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಅಂಗವಿಕಲರಿಗೆ ಉಚಿತ ವಕೀಲರ ನೆರವಿದೆ. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ವಿಚಾರಿಸಿರಿ. ಅಂಗವಿಕಲರಿಗೂ ಸಮಾನವಾಗಿ ನ್ಯಾಯ ದೊರೆಯಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೇಳುತ್ತದೆ.

ಕೊನೆಯದಾಗಿ ಒಂದು ಮಾತು. ಈ ಮಕ್ಕಳನ್ನು ಮದುವೆಗೆ, ಈದ್‌ಗೆ ಕರೆತರದೆ ಮನೆಯೊಳಗೆ ಬಚ್ಚಿಡುವವರು ನಮ್ಮಲ್ಲಿಯೂ ಇದ್ದಾರೆ. ಮೊಹಲ್ಲಾದಲ್ಲಿ ಎಲ್ಲರೂ ಗುರುತಿಸುವ ಹುಡುಗನನ್ನು ಯಾರೂ ಕಳ್ಳನೆಂದು ಹೊಡೆಯುವುದಿಲ್ಲ. ವಿದ್ಯಾರ್ಥಿಗಳೇ, ಅಂಥ ಗುಂಪು ಕಂಡರೆ ಮುಂದೆ ಹೋಗಿ, ಮೆಲುದನಿಯಲ್ಲಿ ಅವನ ಹೆಸರು ಕೇಳಿ, ಮನೆಯವರಿಗೆ ತಿಳಿಸಿ. ವ್ಯಾಪಾರಿಗೆ ಹಣ್ಣಿನ ಬೆಲೆಯನ್ನೂ ಕೊಡಿ. ನಷ್ಟ ಅವನದೂ ಹೌದು.

ಅಲ್ಲಾಹನು ನಮಗೆ ಆ ತಾಳ್ಮೆಯನ್ನು ಕರುಣಿಸಲಿ. ಆಮೀನ್.