ಸೈಟೊಕ್ರೋಮ್ ಸಿ: ಉಸಿರಾಟದ ಪ್ರೋಟೀನಿಗೆ ಸಾವಿನಲ್ಲೇನು ಕೆಲಸ?



ಗರ್ಭದಲ್ಲಿ ಮಗುವಿನ ಕೈ ಮೊದಲು ಮೂಡುವಾಗ ಬೆರಳುಗಳು ಬಿಡಿಯಾಗಿರುವುದಿಲ್ಲ. ನಡುವಿನ ಜೀವಕೋಶಗಳು ಸತ್ತ ಮೇಲೆಯೇ ಅವು ಬೇರೆ ಬೇರೆಯಾಗುತ್ತವೆ. ಹಾಗೆ ಸಾಯುವ ಕೋಶ ಒಡೆದು ಸುತ್ತೆಲ್ಲ ಚೆಲ್ಲುವುದಿಲ್ಲ. ಕುಗ್ಗಿ, ತುಣುಕುಗಳಾಗಿ, ಬೇರೆ ಕೋಶಗಳ ಹೊಟ್ಟೆ ಸೇರುತ್ತದೆ. 1972ರಲ್ಲಿ ಕೆರ್, ವೈಲಿ ಮತ್ತು ಕರಿ ಎಂಬ ಮೂವರು ಈ ನಿಯೋಜಿತ ಮರಣವನ್ನು ‘ಅಪೊಪ್ಟೋಸಿಸ್’ ಎಂದು ಕರೆದರು.

ಈ ಕೆಲಸ ಮುಗಿಸುವವು ಕ್ಯಾಸ್ಪೇಸ್ ಎಂಬ ಕಿಣ್ವಗಳು. ಅವು ಆರೋಗ್ಯವಂತ ಕೋಶದಲ್ಲೂ ಇರುತ್ತವೆ, ನಿಷ್ಕ್ರಿಯವಾಗಿ. ಅವನ್ನು ಎಬ್ಬಿಸುವವರು ಯಾರು?

ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿ ಶಿಯಾವೊಡಾಂಗ್ ವಾಂಗ್ ಮತ್ತು ಸಂಗಡಿಗರು ಹೀಲಾ ಎಂಬ, ಪ್ರಯೋಗಾಲಯದಲ್ಲಿ ಬೆಳೆಸುವ ಮಾನವ ಕೋಶಗಳನ್ನು ಅರೆದು, ಅವುಗಳ ದ್ರವವನ್ನು ಪ್ರತ್ಯೇಕ ಭಾಗಗಳಾಗಿ ಬೇರ್ಪಡಿಸುತ್ತ ಹೋದರು. ಕ್ಯಾಸ್ಪೇಸನ್ನು ಎಬ್ಬಿಸಲು ಬೇಕಾದ ಒಂದು ಭಾಗವನ್ನು ಶುದ್ಧಗೊಳಿಸಿದಾಗ ಅದಕ್ಕೆ ನಸುಗೆಂಪು ಬಣ್ಣವಿತ್ತು. ಅದು ಬೆಳಕನ್ನು ಹೀರುವ ರೀತಿ ನೋಡಿದರೆ ಹಳೆಯ ಪರಿಚಯದ ಸೈಟೊಕ್ರೋಮ್ ಸಿ! 1920ರ ದಶಕದಲ್ಲೇ ಡೇವಿಡ್ ಕೀಲಿನ್ ಅಧ್ಯಯನ ಮಾಡಿದ್ದ, ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದಲ್ಲಿ ಎಲೆಕ್ಟ್ರಾನುಗಳನ್ನು ಸಾಗಿಸುವ ಪ್ರೋಟೀನು. ನಾವು ಉಸಿರಾಡಿದ ಆಮ್ಲಜನಕ ಬಳಸಿ ಶಕ್ತಿ ಪಡೆಯಲು ಅದು ಬೇಕೇ ಬೇಕು. ಅಂಥದ್ದು ಸಾವಿನ ಸರಣಿಯಲ್ಲಿ ಎಲ್ಲಿಂದ ಬಂತು? ಕೋಶಗಳನ್ನು ಅರೆಯುವಾಗ ಮೈಟೊಕಾಂಡ್ರಿಯಗಳು ಒಡೆದು ಅದು ಹೊರಬಿದ್ದಿತ್ತು. ಸಕ್ಕರೆ ದ್ರಾವಣದಲ್ಲಿ, ಮೈಟೊಕಾಂಡ್ರಿಯಗಳಿಗೆ ಪೆಟ್ಟಾಗದಂತೆ ಅರೆದಾಗ ಆ ದ್ರವಕ್ಕೆ ಕ್ಯಾಸ್ಪೇಸನ್ನು ಎಬ್ಬಿಸುವ ಬಲ ಉಳಿಯಲಿಲ್ಲ. ಸಾಯತೊಡಗಿದ ಕೋಶಗಳಲ್ಲಾದರೋ ಸೈಟೊಕ್ರೋಮ್ ಸಿ ತಾನಾಗಿಯೇ ಹೊರಗೆ ಬಂದಿತ್ತು. 1996ರಲ್ಲಿ ಪ್ರಕಟವಾದ ಈ ಪ್ರಬಂಧ ನನ್ನ ಮಟ್ಟಿಗೆ ಜೀವರಸಾಯನ ಶಾಸ್ತ್ರದ ಅತ್ಯಂತ ಸುಂದರ ಪತ್ತೇದಾರಿಕೆಗಳಲ್ಲೊಂದು. ತಯಾರಿಕೆಯ ದೋಷವೆಂದು ಬದಿಗಿಡಬಹುದಾಗಿದ್ದ ಫಲಿತಾಂಶವನ್ನು ಅವರು ಕೊನೆಯವರೆಗೂ ಬೆನ್ನಟ್ಟಿದರು.

ಅಂದರೆ ಈ ಪ್ರೋಟೀನಿನ ಕೆಲಸವನ್ನು ನಿರ್ಧರಿಸುವುದು ಅದಿರುವ ಜಾಗ. ಮೈಟೊಕಾಂಡ್ರಿಯದ ಪೊರೆಗಳ ನಡುವೆ ಇದ್ದಾಗ ಬದುಕು, ಹೊರಬಿದ್ದರೆ ಸಾವು. ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಇದರ ಜೀನ್ ಇರುವುದು ಕೋಶಕೇಂದ್ರದಲ್ಲಿ. ಪ್ರೋಟೀನು ತಯಾರಾಗುವುದು ಮೈಟೊಕಾಂಡ್ರಿಯದ ಹೊರಗೇ. ಆದರೂ ಅಲ್ಲಿ ಅದು ಕೊಲ್ಲುವುದಿಲ್ಲ, ಏಕೆಂದರೆ ಕಬ್ಬಿಣ ಹೊತ್ತ ಹೀಮ್ ಅದಕ್ಕೆ ಸೇರುವುದು ಒಳಹೊಕ್ಕ ಮೇಲೆಯೇ. ಹೀಮ್ ಇಲ್ಲದ ಪ್ರೋಟೀನಿಗೆ ಸಾವಿನ ಸರಣಿಯನ್ನು ಆರಂಭಿಸಲಾಗದು.

ಹೀಮ್ ಸಹಿತ ಹೊರಬಿದ್ದದ್ದು ಏಪಾಫ್-1 ಎಂಬ ಪ್ರೋಟೀನಿಗೆ ಅಂಟುತ್ತದೆ. ಅಂಥ ಏಳು ಜೊತೆಗೂಡಿ ಗಾಲಿಯಂಥ ರಚನೆಯಾಗುತ್ತದೆ. ಅದು ಕ್ಯಾಸ್ಪೇಸ್-9ನ್ನು, ಅದು ಮತ್ತೆ ಕ್ಯಾಸ್ಪೇಸ್-3ನ್ನು ಎಬ್ಬಿಸುತ್ತದೆ. 2000ದಲ್ಲಿ ಕಂಡುಬಂದ ಸ್ಮ್ಯಾಕ್ ಎಂಬ ಇನ್ನೊಂದು ಮೈಟೊಕಾಂಡ್ರಿಯ ಪ್ರೋಟೀನು ಕ್ಯಾಸ್ಪೇಸ್‌ಗಳಿಗಿರುವ ತಡೆಯನ್ನು ಕಳಚುತ್ತದೆ.

ಹಾಗಾದರೆ ಮೈಟೊಕಾಂಡ್ರಿಯದ ಹೊರಪೊರೆಯನ್ನು ತೂತು ಮಾಡುವವರು ಯಾರು? ಬ್ಯಾಕ್ಸ್ ಮತ್ತು ಬ್ಯಾಕ್ ಎಂಬ ಪ್ರೋಟೀನುಗಳು. ಅವನ್ನು ಕಟ್ಟಿಹಾಕುವುದು ಬಿಸಿಎಲ್-2. ಫಾಲಿಕ್ಯುಲರ್ ಲಿಂಫೋಮ ಎಂಬ ರಕ್ತ ಕ್ಯಾನ್ಸರಿನಲ್ಲಿ 18ನೇ ಕ್ರೋಮೊಸೋಮಿನ ಬಿಸಿಎಲ್-2 ಜೀನ್ 14ನೆಯದರಲ್ಲಿರುವ ಪ್ರತಿಕಾಯ ಜೀನಿನ ಪಕ್ಕಕ್ಕೆ ಹೋಗಿ ಸೇರಿ, ಬಿಸಿಎಲ್-2 ವಿಪರೀತ ತಯಾರಾಗುತ್ತದೆ. 1988ರಲ್ಲಿ ಮೆಲ್ಬರ್ನ್‌ನಲ್ಲಿ ಡೇವಿಡ್ ವಾಕ್ಸ್, ಸುಜಾನ್ ಕೋರಿ, ಜೆರಿ ಆ್ಯಡಮ್ಸ್ ತೋರಿಸಿದ್ದು ಇದು: ಈ ಜೀನ್ ಕೋಶಗಳ ವಿಭಜನೆಯನ್ನು ಹೆಚ್ಚಿಸುವುದಿಲ್ಲ, ಸಾಯಬೇಕಾದವನ್ನು ಸಾಯಲು ಬಿಡುವುದಿಲ್ಲ. ಕ್ಯಾನ್ಸರ್ ಎಂದರೆ ಕೋಶಗಳ ಅತಿಬೆಳವಣಿಗೆ ಮಾತ್ರ ಎಂದು ಇನ್ನೂ ನಮ್ಮ ಪಠ್ಯಪುಸ್ತಕಗಳು ಹೇಳಿದರೆ ಅದನ್ನು ತಿದ್ದಲೇಬೇಕು.

ಬಿಸಿಎಲ್-2ರ ಹಿಡಿತ ಸಡಿಲಿಸುವ ವೆನೆಟೊಕ್ಲಾಕ್ಸ್ ಮಾತ್ರೆಗೆ 2016ರಲ್ಲಿ ಅಮೆರಿಕದಲ್ಲಿ ಮನ್ನಣೆ ಸಿಕ್ಕಿತು; ಬೇರೆ ಚಿಕಿತ್ಸೆಗೆ ಬಗ್ಗದ ಒಂದು ಬಗೆಯ ಲ್ಯುಕೀಮಿಯ ರೋಗಿಗಳಿಗೆ ಅದು ದೊಡ್ಡ ಆಸರೆ. ಆದರೆ ಕೆಲವರಲ್ಲಿ ಬಿಸಿಎಲ್-2ರ ಒಂದೇ ಅಮೈನೊ ಆಮ್ಲ ಬದಲಾಗಿ ಔಷಧಿ ಸರಿಯಾಗಿ ಅಂಟದಂತಾಗುತ್ತದೆ. ಇನ್ನು ಕೆಲವು ಕ್ಯಾನ್ಸರುಗಳು ಎಂಸಿಎಲ್-1 ಎಂಬ ಅದರ ಸೋದರ ಪ್ರೋಟೀನಿನ ಮೊರೆಹೋಗುತ್ತವೆ. ಅದನ್ನೂ ತಡೆಯಬಹುದಲ್ಲ ಎಂದು ನೀವು ಕೇಳಬಹುದು. ಆದರೆ ಹೃದಯದ ಸ್ನಾಯುಗಳು ಉಳಿದಿರುವುದೇ ಎಂಸಿಎಲ್-1ರಿಂದ. ಇಲಿಗಳ ಹೃದಯದಲ್ಲಿ ಅದನ್ನು ತೆಗೆದಾಗ ಹೃದಯವೇ ಸೋತಿತು. ಕ್ಯಾನ್ಸರ್ ಕೋಶಕ್ಕೆ ಸಾವು ತಂದು ಹೃದಯದ ಕೋಶವನ್ನು ಉಳಿಸುವ ದಾರಿಯನ್ನು ಪ್ರಯೋಗಾಲಯಗಳು ಈಗ ಹುಡುಕುತ್ತಿವೆ.