ಬೇಜಾರಿಗೆ ಖರ್ಚಿಲ್ಲದ ಮದ್ದು – ಎಷ್ಟು ನಾವು ಮಾಡಬಹುದು, ಎಲ್ಲಿ ವೈದ್ಯರು ಬೇಕು

(ರೋಗಿಗಳು ಹಾಗೂ ಅವರ ಬಂಧುಗಳಿಗಾಗಿ ನೀಡಿದ ಆರೋಗ್ಯ ಮಾಹಿತಿ ಉಪನ್ಯಾಸದ ಬರಹರೂಪ)



ನಮ್ಮ ಕರಾವಳಿಯಲ್ಲಿ ‘ಖಿನ್ನತೆ’ ಎಂಬ ಶಬ್ದವನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ. ‘ಬೇಜಾರು’ ಎನ್ನುತ್ತಾರೆ, ‘ಮಂಡೆಬಿಸಿ’ ಎನ್ನುತ್ತಾರೆ. ಹಲವರು ಅದನ್ನೂ ಹೇಳುವುದಿಲ್ಲ. ಬೆನ್ನುನೋವು, ಎದೆಯುರಿ, ಗ್ಯಾಸು, ಕೈಕಾಲು ಸೋಲುತ್ತದೆ, ರಾತ್ರಿ ಮೂರು ಗಂಟೆಗೇ ಎಚ್ಚರವಾಗುತ್ತದೆ ಎಂದು ಹೊರರೋಗಿ ವಿಭಾಗಕ್ಕೆ ಬರುತ್ತಾರೆ. ಇ.ಸಿ.ಜಿ. ಸರಿಯಿದೆ, ಸ್ಕ್ಯಾನಿಂಗ್ ಸರಿಯಿದೆ, ಆದರೂ ಮನುಷ್ಯ ಸರಿಯಿಲ್ಲ. ಆಗ ಮನೆಯವರು ‘ಇವರಿಗೆ ಎಂತದೂ ಇಲ್ಲ, ಸುಮ್ಮನೆ’ ಎನ್ನುತ್ತಾರೆ. ಸುಮ್ಮನೆ ಅಲ್ಲ. ಅದೂ ಒಂದು ಕಾಯಿಲೆ.

ಎರಡು ವಾರಕ್ಕಿಂತ ಹೆಚ್ಚು ಕಾಲ, ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಭಾಗ ಮನಸ್ಸು ಕುಗ್ಗಿರುವುದು ಅಥವಾ ಮೊದಲು ಇಷ್ಟವಿದ್ದ ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ಅದರ ಜೊತೆಗೆ ನಿದ್ದೆ, ಹಸಿವು, ಶಕ್ತಿ, ಏಕಾಗ್ರತೆ ಏರುಪೇರಾಗುವುದು, ‘ನನ್ನಿಂದ ಎಲ್ಲರಿಗೂ ಭಾರ’ ಎನಿಸುವುದು – ಇದನ್ನು ಖಿನ್ನತೆ ಎನ್ನುತ್ತೇವೆ. ಮನೆಯಲ್ಲಿ ಸಾವಾದಾಗ ಅಳುವುದು ಖಿನ್ನತೆಯಲ್ಲ, ಅದು ದುಃಖ. 2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆದ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ 20 ಜನಕ್ಕೆ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಈ ಕಾಯಿಲೆ ಬಂದಿರುತ್ತದೆ. ಅಂದರೆ ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ಒಂದು ತುಂಬಿದ ಬಸ್ಸಿನಲ್ಲಿ ಇಬ್ಬರು ಮೂವರಾದರೂ ಇರುತ್ತಾರೆ ಎಂದು ಲೆಕ್ಕ ಹಾಕಿಕೊಳ್ಳಿ.

ಮೊದಲು ಒಂದು ವಿಷಯ. ಥೈರಾಯ್ಡ್ ಕಡಿಮೆಯಿದ್ದರೆ, ರಕ್ತಹೀನತೆ ಇದ್ದರೆ, ಬಿ-12 ಜೀವಸತ್ವ ಕಡಿಮೆಯಾಗಿದ್ದರೆ ಕೂಡ ಮನುಷ್ಯ ಹೀಗೇ ಸೋತು ಕೂರುತ್ತಾನೆ. ಸಕ್ಕರೆ ಕಾಯಿಲೆ ಇರುವವರಿಗೆ ಖಿನ್ನತೆ ಹೆಚ್ಚು. ಆದ್ದರಿಂದ ವೈದ್ಯರು ರಕ್ತಪರೀಕ್ಷೆ ಬರೆದುಕೊಟ್ಟರೆ ‘ಮನಸ್ಸಿನ ಬೇಜಾರಿಗೆ ರಕ್ತ ಯಾಕೆ’ ಎಂದು ಕೇಳಬೇಡಿ, ಮಾಡಿಸಿ.

ಇನ್ನು ಖರ್ಚಿಲ್ಲದ ಉಪಾಯ. ನಾನು ಇವತ್ತು ಮುಖ್ಯವಾಗಿ ಒಂದನ್ನೇ ಹೇಳಲು ಬಂದಿದ್ದೇನೆ. ಬೇಜಾರಾದಾಗ ನಾವು ಕೆಲಸ ಬಿಡುತ್ತೇವೆ, ಜನರನ್ನು ಬಿಡುತ್ತೇವೆ, ಮಲಗುತ್ತೇವೆ. ಮಲಗಿದಷ್ಟೂ ಒಳ್ಳೆಯದೆನಿಸುವ ಒಂದು ಗಳಿಗೆಯೂ ಸಿಗುವುದಿಲ್ಲ, ಹಾಗಾಗಿ ಬೇಜಾರು ಇನ್ನೂ ಹೆಚ್ಚುತ್ತದೆ. ‘ಮನಸ್ಸು ಬರಲಿ, ಆಮೇಲೆ ಎದ್ದೇನು’ ಎಂದು ಕಾಯುತ್ತೇವೆ. ಈ ಕಾಯಿಲೆಯಲ್ಲಿ ಮನಸ್ಸು ಮೊದಲು ಬರುವುದಿಲ್ಲ. ಮೊದಲು ಕೈಕಾಲು ಆಡಬೇಕು, ಮನಸ್ಸು ನಿಧಾನವಾಗಿ ಹಿಂದಿನಿಂದ ಬರುತ್ತದೆ.

ಇದು ಬರೀ ಬುದ್ಧಿಮಾತಲ್ಲ. ನಮ್ಮ ಪಕ್ಕದ ಗೋವಾದಲ್ಲಿ ‘ಸಂಗತ್’ ಎಂಬ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿತು. ವೈದ್ಯರೂ ಅಲ್ಲದ, ದಾದಿಯರೂ ಅಲ್ಲದ ಸ್ಥಳೀಯರಿಗೇ ತರಬೇತಿ ಕೊಟ್ಟು, ತೀವ್ರ ಖಿನ್ನತೆ ಇದ್ದವರ ಜೊತೆ ಆರರಿಂದ ಎಂಟು ಸಲ ಕುಳಿತು ಮಾತನಾಡಿಸಿ, ದಿನದ ಕೆಲಸಗಳನ್ನು ಸ್ವಲ್ಪಸ್ವಲ್ಪವಾಗಿ ಮತ್ತೆ ಹಿಡಿಯುವಂತೆ ಮಾಡಿದರು. ಮೂರು ತಿಂಗಳ ನಂತರ ಇವರಲ್ಲಿ ನೂರಕ್ಕೆ 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಮಾಮೂಲಿ ಚಿಕಿತ್ಸೆ ಮಾತ್ರ ಪಡೆದವರಲ್ಲಿ 39 ಮಂದಿ. 2017ರಲ್ಲಿ ಇದು ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ.

ಮಾಡುವ ಕ್ರಮ ಹೇಳುತ್ತೇನೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಾದರೂ ಸಾಕು, ನಾಳೆ ಮಾಡುವ ಎರಡು ಕೆಲಸ ಬರೆಯಿರಿ. ಗಂಟೆ ಸಹಿತ ಬರೆಯಬೇಕು. ಒಂದು ಮುಗಿಸಿದ ಸಮಾಧಾನ ಕೊಡುವಂಥದು, ಇನ್ನೊಂದು ಒಬ್ಬರ ಜೊತೆ ಸೇರುವಂಥದು. ಸಣ್ಣದಿರಲಿ. ‘ನಾಳೆಯಿಂದ ದಿನಾ ಐದು ಕಿಲೋಮೀಟರ್ ನಡೆಯುತ್ತೇನೆ’ ಎಂದು ಬರೆದವರು ಮೂರನೆಯ ದಿನ ಮತ್ತೆ ಚಾಪೆಯಲ್ಲೇ ಇರುತ್ತಾರೆ. ‘ಏಳು ಗಂಟೆಗೆ ಎದ್ದು ಹಲ್ಲುಜ್ಜಿ ಅಂಗಳದವರೆಗೆ ಹೋಗಿ ಬರುವುದು’ ಎಂದು ಬರೆಯಿರಿ. ಮಾಡಿದ ಮೇಲೆ ಒಂದು ಗೆರೆ ಎಳೆಯಿರಿ. ಖುಷಿ ಆಯಿತೋ ಇಲ್ಲವೋ ಎಂದು ಮೊದಲ ವಾರ ಕೇಳಿಕೊಳ್ಳಲೇಬೇಡಿ.

ಮಳೆಗಾಲದಲ್ಲಿ ಇದು ಕಷ್ಟ, ಗೊತ್ತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆ, ಕಾಪು ಕಡೆಯ ಎಷ್ಟೋ ಮನೆಗಳಲ್ಲಿ ದುಡಿಯುವ ಗಂಡಸು ಮನೆಯಲ್ಲೇ ಕುಳಿತಿರುತ್ತಾನೆ. ಕೈಯಲ್ಲಿ ದುಡ್ಡಿಲ್ಲ, ಹೊರಗೆ ಬಿಸಿಲಿಲ್ಲ. ಆಟಿ ತಿಂಗಳನ್ನು ನಮ್ಮ ಹಿರಿಯರು ಸುಮ್ಮನೆ ಕಷ್ಟದ ತಿಂಗಳು ಎನ್ನಲಿಲ್ಲ. ಅಂಥವರಿಗೆ ಬಲೆ ಹೆಣೆಯುವುದಾದರೂ ಒಬ್ಬರೇ ಕುಳಿತು ಬೇಡ, ನಾಲ್ವರು ಸೇರುವ ಕಡೆ ಕುಳಿತು ಹೆಣೆಯಿರಿ. ಎರಡು ಮಳೆಯ ನಡುವೆ ಹತ್ತು ನಿಮಿಷ ಬೆಳಕಿಗೆ ಬನ್ನಿ. ಉಡುಪಿಯವರಿಗೆ ಅಜ್ಜರಕಾಡಿನ ಪಾರ್ಕ್ ಇದೆ, ಕಾರ್ಕಳದವರಿಗೆ ಆನೆಕೆರೆ ಇದೆ. ಕಾಪುವಿನವರಿಗೆ ದೀಪಸ್ತಂಭದ ಕೆಳಗಿನ ಕಡಲತೀರ ಇದೆ. ಮಳೆಗಾಲದಲ್ಲಿ ಅಲ್ಲಿಯ ಬಂಡೆ ಮಾತ್ರ ಹತ್ತಬೇಡಿ.

ಶಂಕರಪುರದ ಸುತ್ತಮುತ್ತ ಮಲ್ಲಿಗೆ ಬೆಳೆಯುವ ಮನೆಗಳಿವೆ. ಬೆಳಿಗ್ಗೆ ಮೊಗ್ಗು ಕೊಯ್ಯುವುದು, ನಾಲ್ಕು ಹೆಂಗಸರು ಜಗಲಿಯಲ್ಲಿ ಕುಳಿತು ಬಾಳೆನಾರಿನಲ್ಲಿ ಕಟ್ಟುವುದು – ಬೆಳಕು, ಕೈಗೆ ಕೆಲಸ, ಮಾತು, ನಾಲ್ಕು ಕಾಸು ಎಲ್ಲವೂ ಅದರಲ್ಲಿದೆ. ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ನಾವು ಆಸ್ಪತ್ರೆಯಲ್ಲಿ ಮಾಡಿಕೊಡಲಾರೆವು. ಕಷ್ಟವಾಗುವುದು ಮಕ್ಕಳೆಲ್ಲ ಮುಂಬಯಿ, ದುಬೈ ಸೇರಿ, ದೊಡ್ಡ ಮನೆಯಲ್ಲಿ ಒಬ್ಬರೇ ಉಳಿದ ಹಿರಿಯರಿಗೆ. ಮಕ್ಕಳು ಕಳಿಸುವ ಹಣಕ್ಕಿಂತ ದಿನಾ ಒಂದೇ ಹೊತ್ತಿಗೆ ಬರುವ ಐದು ನಿಮಿಷದ ಫೋನು ಹೆಚ್ಚು ಕೆಲಸ ಮಾಡುತ್ತದೆ ಎಂದು ನನ್ನ ಅಭಿಪ್ರಾಯ.

ನಿದ್ದೆಯ ಬಗ್ಗೆ: ಎಷ್ಟು ಹೊತ್ತಿಗೆ ಮಲಗಿದರೂ ಏಳುವ ಹೊತ್ತು ಒಂದೇ ಇರಲಿ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆಗೆ ಸಾಕು, ಸಂಜೆಯ ನಂತರ ಕಾಫಿ ಬೇಡ, ಮೊಬೈಲು ಹಾಸಿಗೆಯ ಹತ್ತಿರ ಬೇಡ. ಮಣಿಪಾಲದ ಹಾಸ್ಟೆಲುಗಳಲ್ಲಿ ಮಕ್ಕಳನ್ನು ಬಿಟ್ಟಿರುವ ತಂದೆತಾಯಿಯರೂ ಇದನ್ನು ಕೇಳಿಸಿಕೊಳ್ಳಿ. ‘ಸ್ವಲ್ಪ ಹಾಕಿದರೆ ನಿದ್ದೆ ಬರುತ್ತದೆ ಸಿಸ್ಟರ್’ ಎನ್ನುವವರಿಗೆ ಒಂದು ಮಾತು: ಹೆಂಡದಿಂದ ಬಂದ ನಿದ್ದೆ ನಡುರಾತ್ರಿಗೆ ಹರಿಯುತ್ತದೆ, ಮರುದಿನ ಬೇಜಾರು ಇಮ್ಮಡಿಯಾಗುತ್ತದೆ. ಆದರೆ ದಿನಾ ಕುಡಿಯುವವರು ತಾವಾಗಿ ಒಮ್ಮೆಲೇ ನಿಲ್ಲಿಸಬಾರದು. ನಡುಕ, ಫಿಟ್ಸ್ ಬರಬಹುದು. ವೈದ್ಯರನ್ನು ಕೇಳಿ ನಿಲ್ಲಿಸಿ.

ಆಹಾರದಲ್ಲಿ ವಿಶೇಷವೇನೂ ಬೇಡ. ಕುಚ್ಚಲಕ್ಕಿ ಗಂಜಿ, ಹೆಸರುಕಾಳು, ಸೊಪ್ಪು, ತಿನ್ನುವವರಿಗೆ ಬಂಗುಡೆ, ಬೂತಾಯಿ – ಹೊತ್ತಿಗೆ ಸರಿಯಾಗಿ ಊಟವಾದರೆ ಆಯಿತು. ದುಬಾರಿ ಪುಡಿ, ಟಾನಿಕ್ಕು ತರಬೇಡಿ. ಅಶ್ವಗಂಧ, ಬ್ರಾಹ್ಮಿ ತೆಗೆದುಕೊಳ್ಳುತ್ತಿದ್ದರೆ ವೈದ್ಯರ ಹತ್ತಿರ ಮುಚ್ಚಿಡಬೇಡಿ. ಗಿಡಮೂಲಿಕೆ ಎಂದ ಮಾತ್ರಕ್ಕೆ ನಿರಪಾಯವಲ್ಲ, ಥೈರಾಯ್ಡ್ ಮಾತ್ರೆ, ನಿದ್ದೆ ಮಾತ್ರೆಯ ಜೊತೆ ಅಶ್ವಗಂಧ ತೊಂದರೆ ಕೊಡಬಹುದು. ಆಟಿ ಅಮಾವಾಸ್ಯೆಯ ಪಾಲೆ ಕಷಾಯ ನಮ್ಮ ಪದ್ಧತಿ, ಕುಡಿಯಿರಿ, ಆದರೆ ಈ ಕಾಯಿಲೆಗೆ ಅದು ಮದ್ದಲ್ಲ. ಹರಕೆ, ಪೂಜೆ ಮಾಡಿಸುವವರನ್ನೂ ನಾನು ತಡೆಯುವುದಿಲ್ಲ. ಅದು ಮುಗಿಯಲಿ ಎಂದು ಆಸ್ಪತ್ರೆಯನ್ನು ಮುಂದೂಡಬೇಡಿ ಎಂದಷ್ಟೇ ಹೇಳುತ್ತೇನೆ.

ಬಂಧುಗಳಿಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ. ‘ನಿನಗೆ ಎಂತ ಕಡಿಮೆಯಾಗಿದೆ?’, ‘ಧೈರ್ಯ ತಂದುಕೊ’ – ಈ ಎರಡು ಮಾತು ಮನೆಯಲ್ಲಿ ಬೇಡ. ಕಾಲು ಮುರಿದವರಿಗೆ ನಡೆ ಎಂದ ಹಾಗಾಗುತ್ತದೆ. ‘ಅಮ್ಮಾ, ಬನ್ನಿ, ಒಟ್ಟಿಗೆ ತರಕಾರಿ ಹಚ್ಚುವ’ ಎನ್ನಿ. ಬಾರದಿದ್ದರೆ ಬೈಯದೆ ನಾಳೆ ಮತ್ತೆ ಕರೆಯಿರಿ. ಬಾಣಂತಿ ಎರಡು ವಾರ ಕಳೆದರೂ ಅಳುತ್ತಿದ್ದರೆ, ಮಗುವನ್ನು ಎತ್ತಿಕೊಳ್ಳಲು ಮನಸ್ಸು ಮಾಡದಿದ್ದರೆ ಅದನ್ನು ಸೊಕ್ಕು ಎನ್ನಬೇಡಿ, ಕರೆದುಕೊಂಡು ಬನ್ನಿ.

‘ಸತ್ತರೆ ಸಾಕು’ ಎಂದು ಯಾರಾದರೂ ಹೇಳಿದರೆ ಅದನ್ನು ನಾಟಕ ಎಂದು ತಳ್ಳಿಹಾಕಬಾರದು. ನೇರವಾಗಿ ಕೇಳಿ: ‘ಜೀವ ತೆಗೆದುಕೊಳ್ಳುವ ಯೋಚನೆ ಬರುತ್ತದೆಯೇ?’ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಹೆದರಿಕೆ ತಪ್ಪು. ಕೇಳಿದರೆ ಅವರಿಗೆ ಹಗುರವಾಗುತ್ತದೆ. ಹೌದು ಎಂದರೆ ಅವರನ್ನು ಒಬ್ಬರೇ ಬಿಡಬೇಡಿ. ತೋಟದ ಔಷಧಿ, ಮಾತ್ರೆಗಳ ಡಬ್ಬಿ ಬೀಗದೊಳಗಿರಲಿ. ಅದೇ ದಿನ ಕರೆತನ್ನಿ, ನಡುರಾತ್ರಿಯಾದರೂ ತುರ್ತು ವಿಭಾಗ ತೆರೆದಿರುತ್ತದೆ. 14416 ಎಂಬುದು ಸರ್ಕಾರದ ‘ಟೆಲಿ ಮಾನಸ್’ ಸಂಖ್ಯೆ. 2022ರಲ್ಲಿ ಆರಂಭವಾದದ್ದು, ಉಚಿತ, ದಿನದ 24 ಗಂಟೆಯೂ ಕನ್ನಡದಲ್ಲಿ ಮಾತನಾಡಬಹುದು. ಪ್ರಯತ್ನ ಮಾಡಿಕೊಂಡವರನ್ನು ಪೊಲೀಸು ಕೇಸಿನ ಭಯದಿಂದ ಮನೆಯಲ್ಲೇ ಇಟ್ಟುಕೊಳ್ಳುವುದುಂಟು. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ, ಶಿಕ್ಷೆಯಿಂದ ರಕ್ಷಣೆ ಕೊಟ್ಟಿದೆ. ಹೆದರಬೇಡಿ.

ಊಟ ಬಿಟ್ಟವರಿಗೆ, ಇಲ್ಲದ ದನಿ ಕೇಳುವವರಿಗೆ, ಕೆಲವು ಕಾಲ ಅತಿ ಉತ್ಸಾಹ, ಕೆಲವು ಕಾಲ ಅತಿ ಕುಗ್ಗುವಿಕೆ ಇರುವವರಿಗೆ ನಾನು ಹೇಳಿದ ಮನೆಮದ್ದು ಸಾಲದು. ಉಳಿದವರು ಎರಡು ಮೂರು ವಾರ ಮಾಡಿ ನೋಡಿ, ಗುಣ ಕಾಣದಿದ್ದರೆ ಮನೋವೈದ್ಯರ ಬಳಿ ಹೋಗಿ. ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಿ, ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗ ಆಸ್ಪತ್ರೆಯಲ್ಲಿ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಈ ವಿಭಾಗಗಳಿವೆ. ಖಿನ್ನತೆಯ ಮಾತ್ರೆಗಳು ಚಟ ಹಿಡಿಸುವ ನಿದ್ದೆ ಮಾತ್ರೆಗಳಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಆರು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸಬಹುದು, ಅಷ್ಟಕ್ಕೇ ಬಿಡಬೇಡಿ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕಾಗುತ್ತದೆ. ‘ಈಗ ಸರಿಯಾಗಿದ್ದಾನಲ್ಲ’ ಎಂದು ಮಾತ್ರೆ ನಿಲ್ಲಿಸುವವರು ಹೆಚ್ಚಾಗಿ ಮನೆಯವರೇ. ನಿಲ್ಲಿಸುವುದಾದರೆ ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು.

ಕೊನೆಗೆ, ಇಲ್ಲಿ ವಾರಗಟ್ಟಲೆ ರೋಗಿಯ ಪಕ್ಕದಲ್ಲಿ ಕುಳಿತಿರುವ ನಿಮಗೆ. ನಿದ್ದೆಯಿಲ್ಲದೆ, ಸರಿಯಾಗಿ ಊಟವಿಲ್ಲದೆ ನೀವೂ ಸೋತಿದ್ದೀರಿ. ಪಕ್ಕದ ಹಾಸಿಗೆಯವರಿಗೆ ಹೇಳಿ, ಸರದಿಯಲ್ಲಿ ದಿನಕ್ಕೆರಡು ಸಲ ಹೊರಗೆ ಹೋಗಿ ಹದಿನೈದು ನಿಮಿಷ ನಡೆದು ಬನ್ನಿ. ವಾರ್ಡಿನ ಸಿಸ್ಟರ್‌ಗೆ ತಿಳಿಸಿ ಹೋದರೆ ಅವರು ನೋಡಿಕೊಳ್ಳುತ್ತಾರೆ. ನಿಮ್ಮದೇ ಏನಾದರೂ ಕೇಳುವುದಿದ್ದರೆ ಎಲ್ಲರ ಎದುರು ಬೇಡ, ಚೀಟಿಯಲ್ಲಿ ಬರೆದು ಅವರ ಕೈಗೆ ಕೊಡಿ, ಹೆಸರು ಬರೆಯಬೇಕೆಂದಿಲ್ಲ.