ಕೆಮ್ಮಣ್ಣಿನ ಹಿತ್ತಲು

ಸಂಕ್ರಾಂತಿ ಕಳೆದು ಚಳಿ ಇಳಿಯತೊಡಗಿ, ಹೊಂಗೆ ಮರಗಳು ಎಲೆ ಉದುರಿಸುವ ಹೊತ್ತಿಗೆ ಬೆಂಗಳೂರಿನ ಯಲಹಂಕ, ಹೆಬ್ಬಾಳ, ಆರ್.ಟಿ. ನಗರಗಳ ಹಿತ್ತಲುಗಳಲ್ಲಿ ಬೇಸಿಗೆ ತರಕಾರಿಗೆ ಮಣ್ಣು ಸಿದ್ಧವಾಗಬೇಕು; ಬೆಂಡೆ, ಹೀರೆ, ಸೋರೆ, ಅಲಸಂದೆಗಳು ಚಳಿಯಲ್ಲಿ ಸರಿಯಾಗಿ ಮೊಳೆಯುವುದಿಲ್ಲವಾದ್ದರಿಂದ, ಬಿಸಿಲು ಏರುವ ಈ ಸಂಧಿಕಾಲವೇ ಅವುಗಳಿಗೆ ಹಿತಕರ.

ಈ ಭಾಗದ ಕೆಮ್ಮಣ್ಣಿನಲ್ಲಿ ಸಾವಯವ ಅಂಶ ಕಡಿಮೆಯಿರುವುದರಿಂದ, ನೀರುಣಿಸಿ ಒಣಗಿದೊಡನೆ ಮೇಲ್ಪದರ ಗಟ್ಟಿಯಾಗಿ ಎಳೆಯ ಮೊಳಕೆ ತಲೆಯೆತ್ತಲಾರದೆ ಸೊರಗುತ್ತದೆ. ಆದ್ದರಿಂದ ಒಂದು ಗೇಣು ಆಳಕ್ಕೆ ಅಗೆದು, ಮನೆ ಕಟ್ಟಿದಾಗ ಉಳಿದ ಗಾರೆ, ಇಟ್ಟಿಗೆ ಚೂರುಗಳನ್ನು ಆರಿಸಿ ತೆಗೆದು, ಎರಡು ವಾರ ಬಿಸಿಲಿಗೆ ಬಿಟ್ಟು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಬೇಕು. ಗಾರೆಯನ್ನು ಉಪೇಕ್ಷಿಸುವಂತಿಲ್ಲ, ಅದರ ಸುಣ್ಣದಂಶ ಹೆಚ್ಚಾದರೆ ಗಿಡಕ್ಕೆ ಕಬ್ಬಿಣ ದಕ್ಕದೆ ಎಳೆಯ ಎಲೆಗಳು ಹಳದಿಗಟ್ಟುತ್ತವೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ, ಹೆಬ್ಬೆರಳಿನಿಂದ ಒತ್ತಿದರೆ ಪುಡಿಯಾಗುವ ಮಣ್ಣಿನ ಸ್ಥಿತಿಯನ್ನೇ ರೈತರು ‘ಹದ’ ಎನ್ನುತ್ತಾರೆ.

ಬೀಜವನ್ನು ದೂರದಿಂದ ತರಿಸಬೇಕಿಲ್ಲ. ಸಮೀಪದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಅನಾಮಿಕ’ ಬೆಂಡೆ ತಳಿಯು, ಬಿಳಿನೊಣದಿಂದ ಹರಡಿ ಎಲೆಯ ನರಗಳನ್ನು ಹಳದಿಯಾಗಿಸುವ ನಂಜುರೋಗವನ್ನು ತಡೆದುಕೊಳ್ಳಲೆಂದೇ ರೂಪುಗೊಂಡದ್ದು. ಗಡುಸಾದ ಬೆಂಡೆ ಬೀಜವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಊರಿದರೆ ಸಾಕು.

ಸಸಿಗಳು ಚಿಗುರಿದ ಮೇಲೆ ಅವುಗಳ ಸುತ್ತ ಒಣ ಎಲೆ ಹಾಸುವುದಕ್ಕೆ ‘ಹೊದಿಕೆ’ ಎಂದು ಹೆಸರು. ಅದು ತೇವವನ್ನು ಉಳಿಸಿ, ಕಾಲಕ್ರಮದಲ್ಲಿ ತಾನೇ ಗೊಬ್ಬರವಾಗುತ್ತದೆ. ಬೀದಿ ಬದಿಯಲ್ಲಿ ಗುಡಿಸಿಟ್ಟ ಹೊಂಗೆ ಎಲೆಗೆ ಈ ಬಾರಿ ಬೆಂಕಿಯಿಡದೆ, ಅದನ್ನು ತರಕಾರಿ ಮಡಿಗೆ ತಂದು ಹಾಸಬೇಕೆಂಬುದು ಮನವಿ.